ರೆಲ್ಯಾನ ಜಾಡಿಗೆ ಬಿದ್ದ ನೀರು

ಪ್ರಯೋಗಶಾಲೆಯ ಕಿಟಕಿಯ ಬಳಿ ಇದ್ದ ಗಾಜಿನ ಜಾಡಿಯ ಬಟ್ಟೆ ಸರಿಸಿ ನೋಡಿದ ವಿದೋಸಾವಾ ಟೀಚರಿಗೆ ತಾನು ಬೇರೆ ಯಾರದೋ ಜಾಡಿಗೆ ಕೈಹಾಕಿದೆನೇನೋ ಅನ್ನಿಸಿತು. ಚೀಟಿ ನೋಡಿದಳು. ‘ರೆಲ್ಯಾ’ ಎಂದೇ ಇತ್ತು, ಅವನದೇ ಓರೆ ಅಕ್ಷರ. ಆದರೆ ದಾರದ ತುದಿಯಲ್ಲಿ ಆಕ್ರೋಟಿನಷ್ಟು ದಪ್ಪಗೆ ತೂಗುತ್ತಿದ್ದ ನೀಲಿ ಹರಳು ಇರಲಿಲ್ಲ. ಅಲ್ಲಿದ್ದದ್ದು ಬಟಾಣಿ ಗಾತ್ರದ, ಚೀಪಿ ಉಗುಳಿದ ಪೆಪ್ಪರಮೆಂಟಿನಂಥ ಒಂದು ತುಣುಕು. ಅಂಚುಗಳೆಲ್ಲ ಸವೆದು ಉರುಟಾಗಿದ್ದವು. ನೀರು ಮಾತ್ರ ಜಾಡಿಯ ಕಂಠದವರೆಗೆ ಏರಿತ್ತು.

ಯಾರೋ ನೀರು ಸುರಿದಿದ್ದರು.

ನಾಳೆ ಶಾಲೆಗಳ ಪಾಲಕ ಸಂತ ಸಾವಾನ ಹಬ್ಬ. ಶಾಲೆಗೆ ಪಾದ್ರಿ ಬರುತ್ತಾರೆ, ಹಬ್ಬದ ರೊಟ್ಟಿ ಮುರಿಯುತ್ತಾರೆ. ರೆಲ್ಯಾನ ತಾಯಿ ಮಿಲುಂಕಾ ಬರುತ್ತಾಳೆ. ಅವಳು ಬರುವುದೇ ಈ ಹರಳಿಗಾಗಿ.

ಈ ಊರಿನಲ್ಲಿ ಮೈಲುತುತ್ತ ಇಲ್ಲದ ಮನೆಯಿಲ್ಲ. ದ್ರಾಕ್ಷಿಬಳ್ಳಿಗೆ ಸುಣ್ಣದೊಂದಿಗೆ ಕಲಸಿ ಹೊಡೆಯುವುದು ಅದನ್ನೇ. ಬೇಸಿಗೆ ಬಂತೆಂದರೆ ಗಂಡಸರ ಬೆರಳು, ಅಂಗಿ, ಬಾಗಿಲ ಚಿಲಕ ಎಲ್ಲವೂ ನೀಲಿ. ಸೆಪ್ಟೆಂಬರಿನಲ್ಲಿ ದ್ರಾವಣಗಳ ಪಾಠ ಶುರುವಾದಾಗ ಮಕ್ಕಳು ಮನೆಯಿಂದಲೇ ಹಿಡಿ ಹಿಡಿ ತಂದು, ಬಿಸಿನೀರಿನಲ್ಲಿ ಇನ್ನು ಕರಗದು ಅನ್ನುವಷ್ಟು ಕರಗಿಸಿ, ಆರಿಸಿ, ಸೋಸಿ, ದಾರಕ್ಕೆ ಕಟ್ಟಿದ ಸಣ್ಣ ಕಣವನ್ನು ಅದರೊಳಗೆ ಇಳಿಬಿಟ್ಟಿದ್ದರು. ನೀರು ಆವಿಯಾದಂತೆ ಹರಳು ಬೆಳೆಯುತ್ತದೆ. ಹೆಚ್ಚಿನವರದು ಒರಟು ಗಂಟಾಯಿತು. ರೆಲ್ಯಾನದು ಮಾತ್ರ ಕಡೆದಿಟ್ಟ ಹಾಗೆ, ಒಂದೊಂದು ಮುಖವೂ ಕನ್ನಡಿ.

“ಅಮ್ಮಂಗೆ ಓಲೆ ಮಾಡಿಸೋಕೆ, ಟೀಚರ್” ಎಂದಿದ್ದ.

“ಕಿವಿ ಹರಿದುಹೋಗತ್ತೆ ಕಣೋ” ಅಂದದ್ದಕ್ಕೆ, “ಹಾಗಾದ್ರೆ ಕೋಳಿಗೂಡಿನ ಬಾಗಿಲಿಗೆ ಅಡ್ಡ ಇಡ್ತಾಳೆ ಬಿಡಿ” ಎಂದು ನಕ್ಕಿದ್ದ.

ಅಕ್ಟೋಬರಿನಲ್ಲಿ, ಕೊಯ್ಲು ಮುಗಿಯುತ್ತ ಬಂದಾಗ, ದ್ರಾಕ್ಷಿ ಹೇರಿದ ಟ್ರ್ಯಾಕ್ಟರು ಇಳಿಜಾರಿನಲ್ಲಿ ಮಗುಚಿ ಅವನು ಸತ್ತ. ಹರಳು ಬೆಳೆಯುತ್ತಲೇ ಇತ್ತು.

ಮಣ್ಣು ಮಾಡಿದ ದಿನದಿಂದ ಮಿಲುಂಕಾ ಮಾತು ಬಿಟ್ಟಿದ್ದಳು. ಗಂಡ ಏನು ಕೇಳಿದರೂ ತಲೆಯಾಡಿಸುವುದು, ಅಷ್ಟೇ. ಹಬ್ಬಕ್ಕೆ ಕರೆಯಲು ಹೋದ ವಿದೋಸಾವಾಗೂ ಮೊದಲು ಬರುವುದಿಲ್ಲವೆಂದೇ ತಲೆಯಲ್ಲಾಡಿಸಿದ್ದಳು. “ಅವನ ಹರಳು ಇದೆಯಮ್ಮ. ಆಕ್ರೋಟಿನಷ್ಟಾಗಿದೆ. ಬಂದು ತಗೊಂಡುಹೋಗು” ಅಂದಾಗ ಮಾತ್ರ ಕಣ್ಣೆತ್ತಿ ನೋಡಿ, ಆಗಲಿ ಎಂದು ತಲೆ ಬಾಗಿಸಿದ್ದಳು.

ಈಗ ಅವಳ ಕೈಗೆ ಬಟಾಣಿ ಕೊಡಬೇಕು.

ವಿದೋಸಾವಾ ಜಾಡಿಯನ್ನು ಎತ್ತಿಕೊಂಡು ತರಗತಿಗೆ ನುಗ್ಗಿ ಬಾಗಿಲು ದಢಾರನೆ ಹಾಕಿದಳು.

“ಯಾರು ಸುರಿದದ್ದು?”

ಆಕೆಯ ಕಣ್ಣು ಕೊನೆಯ ಬೆಂಚಿನ ಓಗ್ನ್ಯೆನ್ ಮೇಲೆ ನಿಂತಿತು. ಪ್ರಯೋಗಶಾಲೆಯಲ್ಲಿ ಏನು ಒಡೆದರೂ ಅದು ಒಡೆಯುತ್ತಿದ್ದದ್ದು ಅವನ ಕೈಯಲ್ಲೇ.

“ನಿನ್ನ ಕೆಲಸ ಏನೋ?”

“ಹೌದು, ನಾನೇ” ಎಂದ ಓಗ್ನ್ಯೆನ್, ಎದ್ದು ನಿಂತು.

“ಸುಳ್ಳು, ಟೀಚರ್!” ಮುಂದಿನ ಬೆಂಚಿನ ಕೊಸಾರಾ ಎದ್ದಳು. “ಅವನೊಬ್ಬನೇ ಅಲ್ಲ. ನಾವೆಲ್ಲ ಸೇರಿ. ರಜ ಮುಗಿಸ್ಕೊಂಡು ಬಂದ್ರೆ ನೀರು ತುಂಬಾ ಇಳಿದಿತ್ತು, ಹರಳಿನ ನೆತ್ತಿ ಹೊರಗೆ ಬಂದಿತ್ತು. ರೆಲ್ಯಾಂದು ಒಣಗಿಹೋಗತ್ತೆ ಅಂತ...”

“ಅಂತ?”

“ಹೋದ ವಾರದ ಯೇಸು ಸ್ನಾನದೀಕ್ಷೆ ಹಬ್ಬದ ತೀರ್ಥ ಎಲ್ರ ಮನೇಲೂ ಇತ್ತಲ್ಲ. ಒಬ್ಬೊಬ್ರು ಒಂದೊಂದು ಚಮಚ ತಂದು ಹಾಕಿದ್ವಿ. ಮೆಲ್ಲಗೆ ಕಲಸಿದ್ವಿ ಕೂಡ.”

“ಕಲಸಿದ್ರಿ!” ಆಕೆ ಜಾಡಿಯನ್ನು ಮೇಜಿನ ಮೇಲಿಟ್ಟಳು. “ಪರ್ಯಾಪ್ತ ದ್ರಾವಣ ಅಂದ್ರೇನೋ ಓಗ್ನ್ಯೆನ್?”

“ಇನ್ನು ಕರಗಿಸ್ಕೊಳ್ಳೋಕೆ ಆಗದೇ ಇರೋದು.”

“ಅದಕ್ಕೆ ನೀರು ಹಾಕಿದ್ರೆ?”

“ಇನ್ನೂ ಕರಗಿಸ್ಕೊಳ್ಳತ್ತೆ.”

“ಏನನ್ನ? ಬಾಯಿ ಬಿಡು! ಏನನ್ನ ಕರಗಿಸ್ಕೊಳ್ಳತ್ತೆ?”

“ಹರಳನ್ನ” ಎಂದ ಹುಡುಗ.

“ಪರೀಕ್ಷೇಲಿ ಇದನ್ನೇ ಒಬ್ರೂ ತಪ್ಪದೆ ಬರೆದ್ರಿ! ಬರೆದದ್ದು ಕಾಗದಕ್ಕಾ, ತಲೆಗಾ?”

“ಇದು ಬೇರೆ ಥರ ನೀರು ಅಂದ್ಕೊಂಡ್ವಿ, ಟೀಚರ್. ವರ್ಷಗಟ್ಲೆ ಇಟ್ರೂ ಕೆಡಲ್ಲ ಅಂತಾಳೆ ನಮ್ಮಜ್ಜಿ.”

“ನೀರು ನೀರೇ ಕಣೋ! ಪಾದ್ರಿ ಶಿಲುಬೆ ಅದ್ದಿ ಕೊಟ್ರೂ ನೀರೇ, ಚರಂಡಿಯಿಂದ ಮೊಗೆದ್ರೂ ನೀರೇ!”

ಆ ಮಾತು ತನ್ನ ಬಾಯಿಂದ ಬಂದದ್ದು ಕೇಳಿ ವಿದೋಸಾವಾಗೇ ನಂಬಲಾಗಲಿಲ್ಲ. ಬುದ್ಧಿ ತಿಳಿದಂದಿನಿಂದ ಆ ಹಬ್ಬದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೀರ್ಥ ಕುಡಿಯದೆ ಬಾಯಿಗೆ ತುತ್ತಿಟ್ಟವಳಲ್ಲ. ಈ ವರ್ಷ ಇಗರ್ಜಿಯಿಂದ ತಂದ ಬಾಟಲಿ ಮಾತ್ರ ಮನೆಯಲ್ಲಿ ಸಂತನ ಪಟದ ಮುಂದೆ ಮುಚ್ಚಳ ತೆರೆಯದೆ ಕೂತಿತ್ತು. ಅಕ್ಟೋಬರಿನಲ್ಲಿ, ಸಾಯುವ ಮೊದಲು, ಆಸ್ಪತ್ರೆಯಲ್ಲಿ ರೆಲ್ಯಾನ ಹಣೆಗೆ ಹಳೆಯ ವರ್ಷದ ತೀರ್ಥ ಹಚ್ಚಿದವಳು ಆಕೆಯೇ. ಆವತ್ತೂ ಅದು ನೀರೇ ಆಗಿತ್ತು. ಮೂರು ತಿಂಗಳಿನಿಂದ ಒಳಗೇ ಕುದಿಯುತ್ತಿದ್ದ ದೇವರ ಮೇಲಿನ ಸಿಟ್ಟು ಈ ಮಕ್ಕಳ ಮೇಲೆ ಉಕ್ಕಿತ್ತು.

ಗದ್ದಲ ಕೇಳಿ ಮುಖ್ಯೋಪಾಧ್ಯಾಯ ರಾದಿಸಾವ್ ಬಂದ. ವಿಷಯ ತಿಳಿದು ಆಕೆಯನ್ನು ಹೊರಗೆ ಕರೆದು, “ಇಷ್ಟಕ್ಕೆ ಯಾಕಕ್ಕಾ ಈ ಕೂಗಾಟ? ಕೊಸಾರಾಳ ಹರಳೂ ದೊಡ್ಡದೇ ಇದೆಯಲ್ಲ. ಚೀಟಿ ಬದಲಾಯಿಸಿ. ಆ ತಾಯಿಗೇನು ಗೊತ್ತಾಗತ್ತೆ?” ಎಂದ.

“ನಿಮ್ಮಪ್ಪನ ಗೋರಿ ಮೇಲೆ ನಮ್ಮಪ್ಪನ ಫೋಟೋ ಅಂಟಿಸ್ಲಾ, ರಾದಿಸಾವ್? ಇಬ್ರಿಗೂ ಮೀಸೆ ಇತ್ತು. ಯಾರಿಗೇನು ಗೊತ್ತಾಗತ್ತೆ!”

ರಾದಿಸಾವ್ ತನ್ನ ಕೋಣೆಗೆ ಹಿಂದಿರುಗಿದ.

ಮರುದಿನ ಮಿಲುಂಕಾ ಕಪ್ಪು ಬಟ್ಟೆಯಲ್ಲಿ, ಗಂಡನ ಹಿಂದೆ ಬಂದಳು. ಸತ್ತವರ ನೆನಪಿಗೆ ಹಂಚುವ, ಬೇಯಿಸಿ ಸಕ್ಕರೆ ಆಕ್ರೋಟು ಕಲಸಿದ ಗೋಧಿಯನ್ನು ಮಗನ ಹೆಸರಿನಲ್ಲಿ ತಂದಿದ್ದಳು. ತಟ್ಟೆಯ ಮೇಲೆ ತೆಳುವಾದ ಬಿಳಿ ಬಟ್ಟೆ. ಪಾದ್ರಿ ಹರಸಿದ ಮೇಲೆ ಹಾಡು ಶುರುವಾಯಿತು. ವಿದೋಸಾವಾ ಹಾಡಲಿಲ್ಲ. ಮಿಲುಂಕಾಳನ್ನು ಕೈಹಿಡಿದು ನೇರವಾಗಿ ಪ್ರಯೋಗಶಾಲೆಗೆ ಕರೆದುಕೊಂಡು ಹೋದಳು. ಮಕ್ಕಳೂ ಒಬ್ಬೊಬ್ಬರಾಗಿ ಹಿಂದೆ ಬಂದು ಗೋಡೆಗೆ ಒರಗಿ ನಿಂತರು.

“ಇದೇ ಅವನದು” ಎಂದಳು ವಿದೋಸಾವಾ. “ಮೊನ್ನೆ ಮೊನ್ನೆವರೆಗೂ ನಾನು ಹೇಳಿದಷ್ಟೇ ಇತ್ತು. ಇವರು ತೀರ್ಥ ಸುರಿದು ಕರಗಿಸಿಬಿಟ್ರು. ಒಳ್ಳೇ ಮನಸ್ಸಿಂದಲೇ ಸುರಿದ್ರು. ಆದ್ರೂ ಕರಗಿಸಿದ್ದು ಇವರೇ. ನಿನಗೆ ಸುಳ್ಳು ಹೇಳಲಾರೆ.”

ಮಿಲುಂಕಾ ತಟ್ಟೆಯನ್ನು ಮೇಜಿನ ಮೇಲಿಟ್ಟು, ಬಗ್ಗಿ, ಗಾಜಿಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ಆಮೇಲೆ ಮಕ್ಕಳ ಕಡೆ ತಿರುಗಿದಳು. ತುಕ್ಕು ಹಿಡಿದ ಕೀಲಿನಂಥ ದನಿ ಹೊರಬಂತು.

“ನೀರು ಹಾಕಿದ್ರಾ?”

ಕೊಸಾರಾ ತಲೆ ತಗ್ಗಿಸಿದಳು.

“ಮೈಲುತುತ್ತದ ಮನೇಲೇ ಹುಟ್ಟಿದೋರು ನೀವು! ಅದು ನೀರಲ್ಲಿ ಕರಗತ್ತೆ ಅಂತ ಯಾರಾದ್ರೂ ಹೇಳಿಕೊಡಬೇಕಿತ್ತಾ ನಿಮಗೆ?” ದನಿ ಏರಿತು. “ಮೀಸೆ ಬಂತು, ಬುದ್ಧಿ ಬರಲಿಲ್ಲ! ಅವನೂ ಹೀಗೇ! ಇಳಿಜಾರಲ್ಲಿ ತುಂಬಿದ ಗಾಡಿ ಓಡಿಸ್ಬೇಡ ಅಂದೆ. ಅಪ್ಪ ಬರ್ಲಿ, ತಡಿ ಅಂದೆ. ಕೇಳಿದ್ನಾ? ಕೇಳಿದ್ನಾ ಆ ಕತ್ತೆ! ಯಾರು ಹೇಳಿದ್ರು ಅವನಿಗೆ? ಯಾರು ಹೇಳಿದ್ರು ನಿಮಗೆ?”

ಸಭಾಂಗಣದಲ್ಲಿ ಹಾಡು ನಿಂತುಹೋಯಿತು. ಅವಳ ಗಂಡ ಓಡಿಬಂದು, ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ. ಅವನ ಗಲ್ಲದ ಮೇಲೆ ಕಣ್ಣೀರಿಳಿಯುತ್ತಿತ್ತು. ಯಾರೂ ಅವಳನ್ನು ತಡೆಯಲಿಲ್ಲ. ವಿದೋಸಾವಾ ತಡೆಯುವ ಮನಸ್ಸೇ ಮಾಡಲಿಲ್ಲ. ತಾನು ಕೇಳಬೇಕೆಂದಿದ್ದದ್ದನ್ನೆಲ್ಲ ಅವಳೇ ಕೇಳುತ್ತಿದ್ದಳು.

ಕೂಗಿ ಕೂಗಿ ಉಸಿರು ಸಾಲದೆ ಮಿಲುಂಕಾ ಸ್ಟೂಲಿನ ಮೇಲೆ ಕುಸಿದಳು.

“ಟೀಚರಮ್ಮ, ಇದು ಮತ್ತೆ ಬೆಳೆಯತ್ತಾ?”

“ಬೆಳೆಯತ್ತೆ. ಕರಗಿದ್ದೆಲ್ಲ ಆ ನೀರಲ್ಲೇ ಇದೆ. ನೀರು ಆರ್ತಾ ಬರಬೇಕು, ಬೇಸಿಗೆವರೆಗೂ ಆಗಬಹುದು. ಆದ್ರೆ ಅವನು ಬೆಳೆಸಿದ ಹಾಗೇ ಬರತ್ತೆ ಅಂತ ಹೇಳಲಾರೆ.”

“ಹಾಗಾದ್ರೆ ಇಲ್ಲೇ ಇರಲಿ.”

ಅವಳು ಗೋಧಿಯ ಮೇಲಿನ ಬಿಳಿ ಬಟ್ಟೆಯನ್ನು ತೆಗೆದು ಜಾಡಿಯ ಬಾಯಿಗೆ ಬಿಗಿದು, ಗಂಟಿನ ಮೇಲೆ ಗಂಟು ಹಾಕಿದಳು. “ನೀರು ಆರಿಹೋಗ್ಲಿ. ಕೈ ಮಾತ್ರ ಒಳಗೆ ಹೋಗ್ಬಾರ್ದು.”

“ನಾವು ಕಾವಲಿರ್ತೀವಿ, ಅತ್ತೆ” ಎಂದ ಓಗ್ನ್ಯೆನ್.

“ನಿಮ್ಮ ಕಾವಲು ನೋಡಿದ್ದಾಯ್ತು!” ಎಂದಳು ಮಿಲುಂಕಾ. ಮೂಗು ಒರೆಸಿಕೊಂಡು ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. “ಬನ್ನಿ, ತಿನ್ನಿ. ಮೊದಲು ಕೈ ತೊಳೀರೋ, ಮೈಲುತುತ್ತ ವಿಷ.”

ಮಕ್ಕಳು ನಲ್ಲಿಯ ಮುಂದೆ ಸಾಲು ನಿಂತರು. ವಿದೋಸಾವಾ ಕೊನೆಯಲ್ಲಿ ನಿಂತು ತಾನೂ ಕೈ ತೊಳೆದಳು. ಒಂದು ಚಮಚ ಗೋಧಿ ಬಾಯಿಗಿಡುವ ಮುಂಚೆ, ಅಕ್ಟೋಬರಿನ ನಂತರ ಮೊದಲ ಸಲ, ಶಿಲುಬೆಯ ಗುರುತು ಹಾಕಿಕೊಂಡಳು. ಆಕೆಯ ಹುಬ್ಬು ಗಂಟಿಕ್ಕಿಯೇ ಇತ್ತು.