ಇಸ್ತ್ರಿಯವಳು ಕೇಳಿದ ಹಕ್ಕಿ

“ಯಾರಪ್ಪಾ ಅದು, ಇಲ್ಲಿಗೂ ಬಂದುಬಿಟ್ಯಾ?”

ಅಕ್ಕ ಮರದತ್ತ ಮುಖವೆತ್ತಿ ಕೇಳಿದಳು. ಅಲ್ಲಿ ಯಾರೂ ಇರಲಿಲ್ಲ, ಎಲೆಗಳ ಮರೆಯಿಂದ ಹಕ್ಕಿಯೊಂದರ ಕೂಗಷ್ಟೇ ಬರುತ್ತಿತ್ತು. ಹಡಗಿನ ಪ್ರಯಾಣಿಕರು ನಕ್ಕರು, ತಮ್ಮನಿಗೆ ಮುಜುಗರವಾಯಿತು.

ಅಕ್ಕ ಆ ಹಡಗಿನಲ್ಲಿ ಇಸ್ತ್ರಿ ಮಾಡುವವಳು, ತಮ್ಮ ಅಲ್ಲೇ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವವನು. ಹಡಗು ದ್ವೀಪದಲ್ಲಿ ನಿಂತ ಮೂರು ಗಂಟೆ, ಹಕ್ಕಿ ನೋಡಲು ಹೊರಟವರ ನೀರಿನ ಬಾಟಲಿ ಹೊರಲು ಇಬ್ಬರೂ ಬಂದಿದ್ದರು. ಇಸ್ತ್ರಿಕೋಣೆ ಹಡಗಿನ ತಳದಲ್ಲಿ, ಕಿಟಕಿಯಿಲ್ಲ. ಒಂಬತ್ತು ವರ್ಷ ಆವಿಯಲ್ಲಿ ಬೆಂದವಳು ದಡ ಮುಟ್ಟಿದರೆ ಸಾಕು, ಮೈಯೆಲ್ಲ ಕಿವಿಯಾಗುತ್ತಿದ್ದಳು.

“ಅದು ಇಲ್ಲಿನ ಮಾಮೂಲಿ ಪಾರಿವಾಳ, ತಾಯಿ,” ಎಂದ ದ್ವೀಪದ ಮಾರ್ಗದರ್ಶಿ.

“ಅಲ್ಲಣ್ಣ, ಅದು ಒಂದೇ ಸಮ ಕೂಗತ್ತೆ. ಇದು ಮೂರು ಸಲ ಕೂಗಿ, ಉಸಿರು ಹಿಡಿದು, ಆಮೇಲೆ ಒಂದು. ಹಿಂದಿನ ದ್ವೀಪದಲ್ಲಿ ಕೇಳಿದ್ದೆ.”

“ಅಜ್ಜ ಪದ್ಯ ಓದುವಾಗಲೂ ಇವಳದು ಇದೇ ಕತೆ,” ತಮ್ಮ ಗೊಣಗಿದ. “ಅರ್ಥ ಆಗ್ತಿರ್ಲಿಲ್ಲ, ಲಯ ತಪ್ಪಿದ್ರೆ ಮಾತ್ರ ಹಿಡಿದುಬಿಡೋಳು.”

“ನೀನು ಗೊರಕೆ ಹೊಡೀತಿದ್ದೆ. ಸುಮ್ನಿರು.”

ಇಪ್ಪತ್ತು ನಿಮಿಷ ಕಾದ ಮೇಲೆ ಎಲೆಗಳು ಅಲುಗಿದವು. ಹಸಿರು ಮೈ, ಕೆಂಪು ನೆತ್ತಿಯ ಪುಟ್ಟ ಪಾರಿವಾಳವೊಂದು ಹಣ್ಣು ನುಂಗಿ, ಮೂರು ಸಲ ಕೂಗಿ, ತಡೆದು, ಇನ್ನೊಮ್ಮೆ ಕೂಗಿತು. ಮಾರ್ಗದರ್ಶಿ ಟೋಪಿ ತೆಗೆದ. “ಈ ದ್ವೀಪದಲ್ಲಿ ಇದನ್ನ ಇದುವರೆಗೆ ಯಾರೂ ಕಂಡಿಲ್ಲ.”

ಅಲ್ಲಿಂದ ಮುಂದೆ ತಮ್ಮನಿಗೆ ಬಾಟಲಿಯ ಚೀಲ ಭಾರವೆನಿಸಲಿಲ್ಲ. “ನಮ್ಮಕ್ಕ,” ಎಂದು ಕೇಳದವರಿಗೂ ಹೇಳಿಕೊಂಡು ನಡೆದ.

ದಾರಿ ಮುಗಿಯುವಲ್ಲಿ ಒಂದು ಗುಡಿಸಲು, ಒಳಗೆ ದಪ್ಪನೆಯ ಪುಸ್ತಕ. ದ್ವೀಪಕ್ಕೆ ಹೊಸದಾದ ಹಕ್ಕಿಯನ್ನು ಮೊದಲು ಗುರುತಿಸಿದವರ ಹೆಸರಿಗೆ ಮಾತ್ರ ಅದರಲ್ಲಿ ಜಾಗ. ಅಕ್ಕ ಪೆನ್ನು ಹಿಡಿದಳು. ಹಕ್ಕಿಯ ಫೋಟೊ ತೆಗೆದಿದ್ದ ಹಿರಿಯ ಪ್ರಯಾಣಿಕರೊಬ್ಬರು ಪಕ್ಕಕ್ಕೆ ಬಂದು ದನಿ ತಗ್ಗಿಸಿದರು.

“ನೋಡಮ್ಮ, ನಲವತ್ತು ವರ್ಷದಿಂದ ಹಕ್ಕಿ ಹಿಂದೆ ಅಲೀತಿದೀನಿ. ಇಂಥ ಪುಸ್ತಕದಲ್ಲಿ ಒಂದು ಸಲವೂ ನನ್ನ ಹೆಸರು ಬಂದಿಲ್ಲ. ಈ ಜಾಗ ನನಗೆ ಬಿಟ್ಟುಕೊಡು. ಕ್ಯಾಪ್ಟನ್ ನನಗೆ ಬೇಕಾದವರು. ನಿನ್ನನ್ನ ಮೇಲಿನ ಅಂತಸ್ತಿಗೆ ಹಾಕಿಸ್ತೀನಿ, ಕಿಟಕಿ ಇರೋ ಕಡೆ.”

ಆ ಕಿಟಕಿಗಾಗಿ ಅಕ್ಕ ಮೂರು ಸಲ ಅರ್ಜಿ ಕೊಟ್ಟಿದ್ದಳು. ಒಪ್ಕೋ ಎಂಬ ಮಾತು ತಮ್ಮನ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತುಬಿಟ್ಟಿತು, ಏಕೆಂದರೆ ಅಕ್ಕ ಆಗಲೇ ಬರೆಯುತ್ತಿದ್ದಳು. ತನ್ನ ಹೆಸರು, ಅದರ ಹಿಂದೆ ಅಜ್ಜನ ಹೆಸರು, ಕೆಳಗೆ ‘ಇಸ್ತ್ರಿ ಕೆಲಸ’. ಈಗಷ್ಟೇ ಮಡಿಸಿಟ್ಟ ಅಂಗಿಗಳಂತೆ ಒಪ್ಪವಾದ ಅಕ್ಷರ.

“ಆಗಲ್ಲ, ಸರ್,” ಎಂದಳು, ತಲೆ ಎತ್ತದೆ.