ನೀರು ಕಾಯುವುದಕ್ಕೆ

ದೀವಳಿಗೆ ಹತ್ತಿರ ಬಂದಾಗ ನಾಗಕ್ಕ ಗಂಡನ ಜೊತೆ ಹಿರೇಗುಂಟನೂರಿನಲ್ಲಿ ಬಸ್ಸಿಳಿದು ಹಟ್ಟಿಯ ದಾರಿ ಹಿಡಿದಳು. ಅಪ್ಪನನ್ನು ಕೇಳಬೇಕಾದ ಮಾತನ್ನು ಶಿವಮೊಗ್ಗ ದಾಟಿದಾಗಿನಿಂದ ಮನಸ್ಸಿನಲ್ಲೇ ಹಿಂದೆ ಮುಂದೆ ಮಾಡಿ ಜೋಡಿಸಿಕೊಂಡಿದ್ದಳು. ಅದರಲ್ಲಿ ದುಡ್ಡು ಎಂಬ ಶಬ್ದ ಬಾರದಂತೆ ನೋಡಿಕೊಂಡಿದ್ದಳು.

“ಕೇಳಲೇಬೇಕೇನು?” ಎಂದ ಚಿತ್ತಯ್ಯ, ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತ. “ಮಳೆ ಊರಿಗೆ ಬಿಸಿಲಿನ ಮಿಷನ್ನು. ನಮ್ಮ ಹಿರಿಯೂರಾಗಾದ್ರೆ ಒಂದು ಮಾತು.”

“ಮಳೆ ನಾಲ್ಕು ತಿಂಗಳು. ಉಳಿದದ್ದೆಲ್ಲ ಬಿಸಿಲೇ ಅಲ್ವಾ?”

“ಕಮಲಮ್ಮನೋರ ತಾರಸಿ ಮ್ಯಾಲೆ ಇರದಿದ್ರೆ ನಿನಗೆ ಈ ಲೆಕ್ಕ ಹೊಳೀತಿರಲಿಲ್ಲ ಬಿಡು,” ಎಂದು ಅವನು ನಕ್ಕ.

ಅದು ಎಪ್ಪತ್ತೆಂಟನೆಯ ಇಸವಿ. ಚಿತ್ತಯ್ಯ ಮಂಗಳೂರಿನ ಬಂದರಿನಲ್ಲಿ ಎಂಜಿನಿಯರು. ಹೋದ ವರ್ಷವಷ್ಟೇ ಅಲ್ಲಿ ಒಂದು ಸಣ್ಣ ತಾರಸಿ ಮನೆ ಕೊಂಡಿದ್ದರು. ಪಕ್ಕದ ಮನೆ ಕಮಲಮ್ಮನದು. ಗಂಡನಿಗೆ ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ಅವರ ತಾರಸಿಯ ಮೇಲೆ ಬೀದಿಗೆಲ್ಲ ಕಾಣುವಂತೆ ಒಂದು ಇಳಿಜಾರು ಪೆಟ್ಟಿಗೆ ಬಂದು ಕೂತಿತ್ತು. ಮೇಲೆ ಗಾಜು, ಒಳಗೆ ಕಪ್ಪು ಬಳಿದ ತಗಡು, ತಗಡಿಗೆ ಅಂಟಿದ ತಾಮ್ರದ ಕೊಳವೆಗಳು, ಹಿಂದೊಂದು ಡ್ರಮ್ಮು. ಸೌದೆ ಬೇಡ, ಹೊಗೆ ಇಲ್ಲ, ನಲ್ಲಿ ತಿರುಗಿಸಿದರೆ ಬಿಸಿನೀರು. ಕಮಲಮ್ಮ ಬೀದಿಯ ಹೆಂಗಸರನ್ನೆಲ್ಲ ಕರೆದು ಆ ನಲ್ಲಿಯ ಕೆಳಗೆ ಕೈ ಹಿಡಿಸಿದ್ದರು. ಪೆಟ್ಟಿಗೆಗೆ ಎರಡು ಸಾವಿರ. ಅದು ನಿಲ್ಲುವ ಕಬ್ಬಿಣದ ಕಾಲು, ಮನೆಯೊಳಗಿನ ಕೊಳವೆ, ಕೂರಿಸುವ ಕೂಲಿ ಸೇರಿ ಇನ್ನೊಂದು ಸಾವಿರ.

“ನೀವೂ ಹಾಕಿಸಿ ಮಾರಾಯ್ತಿ. ತೋಟದ ಮನೆಯವರು, ನಿಮಗೆಂಥ ಕಷ್ಟ ಉಂಟು?” ಎಂದಿದ್ದರು ಕಮಲಮ್ಮ.

ತೋಟವನ್ನು ಹುಟ್ಟಿಸಿದವಳು ನಾಗಕ್ಕನೇ. ಮನೆಗೆ ಬಂದ ಹೊಸತರಲ್ಲಿ ಕಮಲಮ್ಮ, “ತಂದೆಯವರು ಏನು ಮಾಡಿಕೊಂಡಿದ್ದಾರೆ?” ಎಂದು ಕೇಳಿದ್ದರು. “ಹೊಸದುರ್ಗದ ಕಡೆ ತೆಂಗಿನ ತೋಟ,” ಎಂಬ ಮಾತು ನಾಗಕ್ಕನ ಬಾಯಿಂದ ಸಲೀಸಾಗಿ ಹೊರಬಿತ್ತು. ಒಮ್ಮೆ ಬಿದ್ದ ಮೇಲೆ ಅದಕ್ಕೆ ಬೇಲಿ ಕಟ್ಟಬೇಕಾಯಿತು. ಊರಿಗೆ ಹೋಗಿ ಬಂದಾಗ ಮಂಗಳೂರಿನ ಮಾರುಕಟ್ಟೆಯಲ್ಲೇ ನಾಲ್ಕು ಕಾಯಿ ಕೊಂಡು, “ನಮ್ಮ ತೋಟದ್ದು,” ಎಂದು ಕೊಟ್ಟಳು. ಕಮಲಮ್ಮ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, “ನಮ್ಮ ಕಡೆಯ ಕಾಯಿಯ ಹಾಗೆಯೇ ಉಂಟಲ್ಲ!” ಎಂದು ಸಂತೋಷಪಟ್ಟರು. ಆ ದಿನ ಚಿತ್ತಯ್ಯ ಊಟ ಮಾಡುತ್ತ ಮಾಡುತ್ತ ನಕ್ಕು ನೆತ್ತಿಗೆ ಹತ್ತಿಸಿಕೊಂಡಿದ್ದ. ನಾಗಕ್ಕ ನಗಲಿಲ್ಲ.

ಅವಳ ಅಪ್ಪ ಕಾಟಯ್ಯನಿಗೆ ಇದ್ದದ್ದು ಕುರಿ. ಹುಟ್ಟಿದಾಗಿನಿಂದ ಕುರಿ ಕಾದವನು. ಹಟ್ಟಿಯಲ್ಲಿ ಮೊದಲು ಬಿ.ಎ. ಓದಿದ ಹುಡುಗಿ ನಾಗಕ್ಕ. ಓದಿಸಿದ್ದು ಆ ಕುರಿಗಳೇ.

ಬೇಲಿಯ ಬಾಯಲ್ಲಿ ಅವ್ವ ಓಬವ್ವ ಇಬ್ಬರ ಕಾಲಿಗೂ ನೀರು ಕೊಟ್ಟಳು. ಕಾಟಯ್ಯ ಕುರಿ ಕೂಡುವ ರೊಪ್ಪದಿಂದ ಕೈ ಒರೆಸಿಕೊಳ್ಳುತ್ತ ಬಂದ.

“ಬರ್ರಿ ಅಳಿಯಂದ್ರೆ, ಕುಂತ್ಕಳ್ರಿ. ಬಸ್ಸಿನಾಗೆ ಜಾಗ ಸಿಕ್ತೋ ಇಲ್ಲೋ?”

“ಸಿಕ್ತು ಮಾವ. ನಿಮ್ಮ ತೆಂಗಿನ ತೋಟದ ಫಸಲು ಈ ಸಲ ಹೆಂಗೈತೆ? ಮಂಗಳೂರಾಗೆ ಅದರದ್ದೇ ಮಾತು.”

“ಯಾವ ತೋಟ? ಹೊಸದುರ್ಗದೋರ ತೋಟದಾಗೆ ಗೊಬ್ಬರಕ್ಕೆ ಕುರಿ ಮಂದೆ ನಿಲ್ಲಿಸ್ತೀನಲ್ಲ, ಅದಾ? ಅವರ ಕಾಯಿ ಅವರಿಗೆ, ನಮ್ಮ ಹಿಕ್ಕೆ ಮಾತ್ರ ಅಲ್ಲಿ,” ಎಂದು ಕಾಟಯ್ಯ ನಕ್ಕ. ನಗುತ್ತ ಮಗಳ ಮುಖ ನೋಡಿದ. ಅದು ಕೆಂಪೇರಿತ್ತು. ಅವನು ತಟ್ಟನೆ, “ಏ, ಮಜ್ಜಿಗೆ ತಾರೆ,” ಎಂದು ಹೆಂಡತಿಯನ್ನು ಕೂಗಿದ.

ಸಂಜೆ ಅವನು ಮರಿಗಳನ್ನು ತಾಯಿಗಳ ಹತ್ತಿರ ಬಿಡುತ್ತಿದ್ದಾಗ ನಾಗಕ್ಕ ಒಬ್ಬಳೇ ಹೋಗಿ ರೊಪ್ಪದ ಕಲ್ಲಿನ ಮೇಲೆ ಕೂತಳು. ಅವರಲ್ಲಿ ಹೆಣ್ಣಿಗೆ ತೆರ ಕೊಟ್ಟು ತರುವುದು ವಾಡಿಕೆ. ಮಗಳ ಮನೆಗೆ ಅಪ್ಪ ದುಡ್ಡು ಕೊಟ್ಟದ್ದನ್ನು ಹಟ್ಟಿಯಲ್ಲಿ ಯಾರೂ ಕಂಡಿರಲಿಲ್ಲ. ಮಗಳು ಅಪ್ಪನಿಂದ ಕೇಳಬಹುದಾದದ್ದು ಬಾಣಂತನ, ಕೆಲಸಕ್ಕೊಂದು ಆಳಿನ ಸಹಾಯ, ಅಷ್ಟೇ.

“ಅಪ್ಪ, ಮಂಗಳೂರಿನ ಮನೇಲಿ ನೀರು ಕಾಯೋದಕ್ಕೆ ಒಂದು ವ್ಯವಸ್ಥೆ ಆಗಬೇಕಿತ್ತು,” ಎಂದಳು. “ನೀನು ಮನಸ್ಸು ಮಾಡಿದರೆ ಆಗುತ್ತೆ.”

ಕಾಟಯ್ಯ ಮರಿಯೊಂದನ್ನು ಎತ್ತಿಕೊಂಡೇ ನಿಂತ. “ಅಲ್ಲೂ ನೀರಿಗೆ ತತ್ವಾರನಾ?”

“ತತ್ವಾರ ಅಂತಲ್ಲ. ಬೆಳಿಗ್ಗೆ ಹೊತ್ತು ಬಹಳ ಕಷ್ಟ.”

“ಅಳಿಯಂದ್ರು ಏನಂತಾರೆ?”

“ನಿಮ್ಮಪ್ಪನ್ನೇ ಕೇಳು ಅಂದರು.”

“ಅಷ್ಟೇ ತಾನೆ? ಕಷ್ಟ ಇದ್ರೆ ಮುಂಚೇಲೇ ಹೇಳಾದಲ್ಲೇನು, ಹುಚ್ಚು ಮಗಾ! ಹಬ್ಬ ಕಳೀಲಿ, ಆಗ್ತದೆ ಬಿಡು.”

ಇಷ್ಟು ಸುಲಭವಾಗಿ ಆಗಿಹೋಯಿತಲ್ಲ ಎಂದು ನಾಗಕ್ಕನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕಾಟಯ್ಯನೂ ಆ ಸಂಜೆಯಿಂದಲೇ ಗೆಲುವಾಗಿಬಿಟ್ಟ. ಕಂಬಳಿ ಕೊಡವಿ ಬೇಲಿಯ ಮೇಲೆ ಹರವಿದ. ಚಪ್ಪಲಿಗೆ ಎಣ್ಣೆ ಹಚ್ಚಿದ.

ಹಬ್ಬದ ಬೆಳಿಗ್ಗೆ ಚಿತ್ತಯ್ಯ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಬಿಸಿಲಿನಲ್ಲಿ ಕೂತಿದ್ದ. ಮೂರು ಕಲ್ಲಿನ ಮೇಲೆ ಹಂಡೆ ಕುದಿಯುತ್ತಿತ್ತು. ಕಾಟಯ್ಯನ ತಮ್ಮನ ಮಗ ಗೊಲ್ಲಪ್ಪ ಸೌದೆ ಹೊತ್ತು ತಂದು ಹಾಕಿ, ದೊಡ್ಡಪ್ಪನ ಕಡೆ ತಿರುಗಿದ.

“ಏನ್ ದೊಡ್ಡಪ್ಪ, ಮಂಗಳೂರಿಗೆ ನೀರು ಕಾಯಾಕೆ ಹೊಂಟೀಯಂತೆ? ಸಮುದ್ರನ ಯಾರಾನ ಹೊತ್ಕಂಡು ಹೋಗ್ತಾರೆ ಅಂತನಾ?”

“ಲೇ, ಕುರಿ ಕಾದೋನಿಗೆ ನೀರು ಕಾಯಾದು ಏನು ಮಹಾ? ನೀನು ಬ್ಯಾಸಿಗ್ಯಾಗೆ ಒರತೆ ಕಾಯಾಕೆ ಕುಂತು ನಿದ್ದೆ ಹೊಡ್ದು, ಊರ ದನಕ್ಕೆಲ್ಲ ನೀರು ಕುಡಿಸಿದಂಗಲ್ಲ ನಾನು. ನನ್ನ ಮಂದೆ ನೆಟ್ಟಗೆ ನೋಡ್ಕಂಡಿರು, ಸಾಕು.”

ಸುತ್ತ ನಿಂತವರೆಲ್ಲ ನಕ್ಕರು. ನಾಗಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಅಷ್ಟರಲ್ಲಿ ಓಬವ್ವ ಹಂಡೆಯ ಹತ್ತಿರದಿಂದ, “ನೀರು ಕಾಸೀನಿ, ಬರ್ರಿ ಅಳಿಯಂದ್ರೆ,” ಎಂದು ಕರೆದಳು.

ಕಾಸೀನಿ.

ಹಟ್ಟಿಯಲ್ಲಿ ನೀರನ್ನು ಕಾಸುತ್ತಾರೆ. ಕಾಯುವುದು ಬೇರೆ. ಬೇಸಿಗೆಯಲ್ಲಿ ಹಳ್ಳದ ಮರಳು ತೋಡಿ, ಒರತೆ ತುಂಬುವವರೆಗೆ ದನ ಬಾಯಿ ಹಾಕದಂತೆ, ಬೇರೆಯವರು ಮೊಗೆಯದಂತೆ ಸರದಿಯ ಮೇಲೆ ಒಬ್ಬರು ಕೂರುತ್ತಾರಲ್ಲ, ಅದು ನೀರು ಕಾಯುವುದು. ನಾಗಕ್ಕನೇ ಚಿಕ್ಕವಳಿದ್ದಾಗ ಅಪ್ಪನ ಕಂಬಳಿಯ ನೆರಳಲ್ಲಿ ಕೂತು ಕಾದಿದ್ದಳು. ಕಾಲೇಜಿನ ನಾಲಿಗೆಗೆ ಅದು ಮರೆತುಹೋಗಿತ್ತು. ಅಪ್ಪನ ಕಿವಿಗೆ ಮರೆತಿರಲಿಲ್ಲ.

ವಿಷಯ ಕೇಳಿ ಚಿತ್ತಯ್ಯ ಒದ್ದೆ ತಲೆಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ, “ಬರ್ಲಿ ಬಿಡು,” ಎಂದ. “ಒಂದೆರಡು ತಿಂಗಳು ಇರ್ಲಿ. ಸಮುದ್ರ ನೋಡ್ಲಿ. ಮಿಷನ್ನು ಹಾಳಾಗಿ ಹೋಗ್ಲಿ, ಮಾವ ಬಂದಂಗಾಯ್ತಲ್ಲ.”

“ಕಮಲಮ್ಮನೋರು?”

“ಅವರೇನು ಮಾಡ್ತಾರೆ? ತೋಟದ ಯಜಮಾನರು ಬಂದ್ರು ಅಂತ ಕಾಫಿ ಕೊಡ್ತಾರೆ.”

“ನಿಮಗೆ ಎಲ್ಲ ತಮಾಷೆ.”

ಚಿತ್ತಯ್ಯ ಟವೆಲ್ಲಿನಿಂದ ತಲೆ ಒರೆಸುವುದನ್ನು ನಿಲ್ಲಿಸಿ ಅವಳನ್ನು ನೋಡಿದ. “ತಮಾಷೆ ಅಲ್ಲ ನಾಗು. ನಿಮ್ಮಪ್ಪಗೆ ನೀನೇ ಹೇಳು. ನನ್ನ ಕೈಲಿ ಆಗಲ್ಲ.”

ಹೇಳುವುದಕ್ಕೆ ಹೊತ್ತು ಬೇಕಾದಷ್ಟಿತ್ತು. ಅಪ್ಪ ಮಂದೆಯ ಒಂದೊಂದು ಕುರಿಯ ಗುಣ ದೋಷವನ್ನೂ ಗೊಲ್ಲಪ್ಪನಿಗೆ ಒಪ್ಪಿಸುವಾಗ ಹೇಳಬಹುದಿತ್ತು. ಕಂಡವರಿಗೆಲ್ಲ, “ಮಗಳು ಕರೆದವಳೆ, ಹೋಗ್ದಿದ್ರೆ ಹೆಂಗೆ?” ಎನ್ನುವಾಗ ಹೇಳಬಹುದಿತ್ತು. ಅವಳು ಬಾಯಿ ತೆರೆದಾಗಲೆಲ್ಲ ಕಣ್ಣ ಮುಂದೆ ಬರುತ್ತಿದ್ದುದು ಕಮಲಮ್ಮನ ಜಗಲಿ. ಅದರ ಮೆಟ್ಟಿಲ ಮೇಲೆ ಕಂಬಳಿ ಹಾಸಿ ಕೂತು, ಬೀದಿಗೆಲ್ಲ ಕೇಳುವಂತೆ ಕುರಿಯ ಸಮಾಚಾರ ಹೇಳುವ ಅಪ್ಪ. ಬಾಯಿ ಮುಚ್ಚುತ್ತಿತ್ತು.

ಹೊರಡುವ ದಿನ ಬಂತು. ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ಮಂಗಳೂರಿನ ಬಸ್ಸು ಬಂದು ನಿಂತಿತ್ತು. ಚಿತ್ತಯ್ಯ ಬಾಳೆಹಣ್ಣು ತರಲು ಹೋದ. ಕಾಟಯ್ಯ ಮೂವರು ಕೂರುವ ಸೀಟಿನಲ್ಲಿ ನಡುವೆ ಕೂತಿದ್ದ. ಹೊಸದಾಗಿ ಕ್ಷೌರ ಮಾಡಿಸಿಕೊಂಡಿದ್ದ ಗಲ್ಲ, ಬಿಳಿ ರುಮಾಲು, ಮಡಿಲಲ್ಲಿ ಮಡಿಸಿದ ಕರಿಕಂಬಳಿ, ಕಾಲ ಸಂದಿಯಲ್ಲಿ ಕೋಲು.

“ಕೋಲು ಬ್ಯಾಡ ಅಂದ್ಲು ನಿಮ್ಮವ್ವ,” ಎಂದ. “ಬರಿಗೈಯಾಗೆ ಏನು ಕಾಯಾದು ನೀನೇ ಹೇಳು.”

ಮುಂದಿನ ಸೀಟಿನ ಇಬ್ಬರು ಹೆಂಗಸರು ತಿರುಗಿ ಕೋಲನ್ನೂ ಕಂಬಳಿಯನ್ನೂ ನೋಡಿದರು. ಒಬ್ಬಳು ಸೆರಗನ್ನು ಮೂಗಿಗೆ ತಂದುಕೊಂಡಳು. ನಾಗಕ್ಕ ಕಿಟಕಿಯ ಹೊರಗೆ ಮುಖ ತಿರುಗಿಸಿದಳು.

ಇದೇ ಊರಿನ ಹಾಸ್ಟೆಲಿನಲ್ಲಿ ಅವಳು ಓದಿದ್ದು. ಅಪ್ಪ ರೊಟ್ಟಿಯ ಗಂಟು ತಂದು ಗೇಟಿನ ಹೊರಗೆ ಕೋಲೂರಿ ನಿಲ್ಲುತ್ತಿದ್ದ. ಹೊಸ ಹುಡುಗಿಯರು ಹಾಸ್ಟೆಲಿನ ಕಾವಲುಗಾರನೆಂದು ತಿಳಿದಿದ್ದರು. “ಯಾರೇ ಅವರು?” ಎಂದು ಗೆಳತಿ ಕೇಳಿದರೆ, “ನಮ್ಮೂರಿನವರು,” ಎನ್ನುತ್ತಿದ್ದಳು. ಅದು ಸುಳ್ಳಲ್ಲ ಎಂದು ಆಗ ಸಮಾಧಾನ ಮಾಡಿಕೊಂಡಿದ್ದಳು.

“ಅಪ್ಪ,” ಎಂದಳು, ಕಿಟಕಿಯ ಕಡೆಗೇ ನೋಡುತ್ತ. “ನಾನು ಹೇಳಿದ್ದು ನೀರು ಕಾಯೋದಲ್ಲ. ಕಾಸೋದು. ನೀರು ಕಾಸೋ ಮಿಷನ್ನು. ತಾರಸಿ ಮೇಲಿಟ್ಟರೆ ಬಿಸಿಲಿಗೆ ತಾನೇ ಕಾಸುತ್ತೆ.”

“ಬಿಸ್ಲೇ ಕಾಸ್ತದಾ?” ಕಾಟಯ್ಯನ ಕಣ್ಣು ಅರಳಿತು. ಆಮೇಲೆ ತನ್ನ ತಪ್ಪಿಗೆ ತಾನೇ ತೊಡೆ ತಟ್ಟಿಕೊಂಡು ನಕ್ಕ. “ಅಯ್ಯೋ ನನ್ನ ಕಿವಿಗಿಷ್ಟು! ಗೊಲ್ಲಪ್ಪಗೆ ಗೊತ್ತಾದ್ರೆ ಹಟ್ಟ್ಯಾಗೆ ತಲೆ ಎತ್ತಂಗಿಲ್ಲ. ಹೋಗ್ಲಿ, ಹೆಂಗೂ ಹೊಂಟೀನಿ. ಆ ಮಿಷನ್ನೂ ನೋಡಿದಂಗಾತು, ನಿನ್ನ ಮನೆಯೂ ನೋಡಿದಂಗಾತು.”

ಇಲ್ಲಿಗೆ ಬಿಡಬಹುದಿತ್ತು. ಕೆಲಸ ತಪ್ಪಿದರೂ ಅಪ್ಪ ಬರಲು ಸಿದ್ಧನಿದ್ದ.

“ನೀನು ಬರೋದು ಬೇಡಪ್ಪ,” ಎಂದಳು ನಾಗಕ್ಕ. “ಅದನ್ನ ಹಾಕಿಸೋಕೆ ದುಡ್ಡು ಬೇಕು. ದುಡ್ಡು ಕಳಿಸಿದರೆ ಸಾಕು.”

ಕಾಟಯ್ಯ ಕಂಬಳಿಯ ಅಂಚನ್ನು ನೀವುತ್ತಿದ್ದ. ಕೈ ನಿಂತಿತು.

“ಎಷ್ಟು?”

“ಮೂರು ಸಾವಿರ.”

ಅವನು ಬಸ್ಸಿನ ಮುಂಗಾಜಿನಾಚೆ ಕಾಣುತ್ತಿದ್ದ ಜೋಗಿಮಟ್ಟಿ ಗುಡ್ಡದ ಕಡೆ ನೋಡಿದ. “ಅರ್ಧ ಮಂದೆ,” ಎಂದ, ಬೇರೆ ಯಾರದೋ ಮಂದೆಗೆ ಬೆಲೆ ಕಟ್ಟುವವನಂತೆ. “ಆಗ್ಲಿ. ಸಂತೆಗೆ ಹೊಡೀತೀನಿ. ಗೊಲ್ಲಪ್ಪನ ಕೈಯಾಗೆ ಕಳಿಸ್ತೀನಿ.”

ಬೇಡ ಎನ್ನಲು ಈಗಲೂ ಹೊತ್ತಿತ್ತು. ಆದರೆ ನಾಗಕ್ಕನಿಗೆ ಆ ಗಳಿಗೆಯಲ್ಲಿ ಆದದ್ದು ನೆಮ್ಮದಿ. ಜಗಲಿಯ ಮೆಟ್ಟಿಲು ಕಣ್ಣ ಮುಂದಿನಿಂದ ಸರಿದುಹೋಯಿತು. ಅಪ್ಪನ ಅರ್ಧ ಮಂದೆಗಿಂತ ಆ ಮೆಟ್ಟಿಲು ತನಗೆ ಭಾರವಾಗಿತ್ತು ಎಂಬುದು ಗೊತ್ತಾದದ್ದು ಆಮೇಲೆ. ಗೊತ್ತಾದಾಗ ಕಿವಿಯ ತನಕ ಬಿಸಿ ಏರಿತು.

ಕಂಡಕ್ಟರು ಹತ್ತಿದ, ಅವನ ಹಿಂದೆ ಚಿತ್ತಯ್ಯ.

“ಮಂಗಳೂರು ಮೂರು,” ಎಂದು ಚಿತ್ತಯ್ಯ ಜೇಬಿಗೆ ಕೈ ಹಾಕಿದ.

“ಎರಡು,” ಎಂದಳು ನಾಗಕ್ಕ.

ಕಂಡಕ್ಟರು ಇಬ್ಬರನ್ನೂ ನೋಡಿದ. “ಎರಡೋ ಮೂರೋ? ಮನೇಲಿ ತೀರ್ಮಾನ ಮಾಡ್ಕಂಡು ಬರಬೇಕಪ್ಪ.”

ಕಾಟಯ್ಯ ಆಗಲೇ ಎದ್ದಿದ್ದ. “ಎರಡೇ ಕೊಡ್ರಿ ಸ್ವಾಮಿ. ನಮ್ಮದೊಂದು ಕುರಿ ಈಯಾದೈತೆ ಅಳಿಯಂದ್ರೆ, ಈಗ ನೆನಪಾತು. ಗೊಲ್ಲಪ್ಪನ್ನ ನೆಚ್ಚಿಕೊಂಡ್ರೆ ಆಗಂಗಿಲ್ಲ. ಇನ್ನೊಂದು ಸಲ ಬರ್ತೀನಿ.”

ಚಿತ್ತಯ್ಯ ಹೆಂಡತಿಯ ಮುಖ ನೋಡಿದ. ಹಣ್ಣಿನ ಚಿಪ್ಪನ್ನು ಮಾವನ ಕೈಗೆ ಕೊಡಹೋದ. ಕಾಟಯ್ಯ ಒಂದೇ ಒಂದು ಹಣ್ಣು ಕಿತ್ತುಕೊಂಡು, ಕೋಲು ಎತ್ತಿ, ಯಾರ ಮೈಗೂ ತಾಗದಂತೆ ಹಿಡಿದುಕೊಂಡು ಇಳಿದ.

ಇಳಿದವನು ಕಿಟಕಿಯ ಕೆಳಗೆ ಬಂದು ನಿಂತ. ರುಮಾಲು ಸರಿಮಾಡಿಕೊಂಡ. ಅತ್ತಿತ್ತ ನೋಡಿ, ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದ:

“ಅಲ್ಲಿ ಯಾರಾನ ಕೇಳಿದ್ರೆ, ನಮ್ಮಪ್ಪಗೆ ತೋಟ ಬಿಟ್ಟು ಬರಾಕಾಗಲ್ಲ ಅನ್ನು ಮಗಾ.”

ಬಸ್ಸು ಹೊರಟಿತು. ಊರ ಹೊರಗೆ ಕೈ ಅಡ್ಡ ಹಿಡಿದ ಒಬ್ಬ ಮುದುಕಿ ಬುಟ್ಟಿಯೊಂದಿಗೆ ಹತ್ತಿ, ಸೀಟಿನ ಹತ್ತಿರ ಬಂದು ನಿಂತಳು. ಗಂಡ ಹೆಂಡತಿಯ ನಡುವೆ, ಜಾಗ ಹಿಡಿದವರಂತೆ, ಕರಿಕಂಬಳಿ ಕೂತಿತ್ತು. ಅಪ್ಪ ಅದನ್ನು ಮರೆತಿದ್ದನೋ, ಮಳೆಯ ಊರಿಗೆಂದು ಬಿಟ್ಟಿದ್ದನೋ.

“ಇಲ್ಲಿ ಯಾರಾನ ಬರ್ತಾರೇನವ್ವ? ಹೊಳಲ್ಕೆರೆ ತನಕ ಅಷ್ಟೇ.”

ಚಿತ್ತಯ್ಯ ಹೆಂಡತಿಯ ಕಡೆ ತಿರುಗಿದ.

“ಯಾರೂ ಇಲ್ಲ, ಕುಂತ್ಕಳ್ರಿ,” ಎಂದಳು ನಾಗಕ್ಕ, ಹಟ್ಟಿಯ ಮಾತಿನಲ್ಲಿ. ಕಂಬಳಿಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. ಮುಂದಿನ ಸೀಟಿನ ಹೆಂಗಸು ಮತ್ತೆ ತಿರುಗಿ ನೋಡಿದಳು. ಬೇಲಿಯ ಮೇಲೆ ಉಂಡ ಬಿಸಿಲು ಇನ್ನೂ ಅದರಲ್ಲಿ ಉಳಿದಿತ್ತೇನೋ, ಹೊಳಲ್ಕೆರೆ ಬರುವಷ್ಟರಲ್ಲಿ ಅವಳ ತೊಡೆಯೆಲ್ಲ ಕಾದಿತ್ತು.