ಎರಡು ಬೆರಳು

"ಈಗ?"

"ಹೂಂ ಸಾ, ಚುಚ್ತು."

ಡಾಕ್ಟರ್ ಸಿದ್ದರಾಮು ಗುಂಡುಸೂಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. ಸೂಜಿ ಇನ್ನೂ ಚರ್ಮಕ್ಕೆ ತಾಗಿಯೇ ಇರಲಿಲ್ಲ. ವರಾಂಡದಲ್ಲಿ ಯಾರೋ ಕೆಮ್ಮಿದರೆಂದು ಅರೆಗಳಿಗೆ ತಡೆದಿದ್ದರು, ಅಷ್ಟರಲ್ಲಿ ಉತ್ತರ ಬಂದುಬಿಟ್ಟಿತ್ತು.

ಕಣ್ಣಿಗೆ ಚೌಕ ಕಟ್ಟಿಸಿಕೊಂಡು ಮಂಚದ ಮೇಲೆ ಮಲಗಿದ್ದವನು ಮಳವಳ್ಳಿಯ ಮೆಕ್ಯಾನಿಕ್ ನಜೀರ್ ಅಹ್ಮದ್. ಯುದ್ಧದಿಂದ ಪೆಟ್ರೋಲಿಗೆ ತತ್ವಾರವಾಗಿ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಕಾಲ. ಅಂಥದೊಂದು ಬಸ್ಸಿನ ಟಾಪಿನಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದ. ಹೊಕ್ಕುಳಿನಿಂದ ಕೆಳಗೆ ಮುಟ್ಟಿದ್ದೂ ತಿಳಿಯದು, ಚುಚ್ಚಿದ್ದೂ ತಿಳಿಯದು. ಮಂಡ್ಯದ ಆಸ್ಪತ್ರೆಗೆ ತಂದ ದಿನದಿಂದ ಡಾಕ್ಟರು ಪ್ರತಿ ಬೆಳಿಗ್ಗೆ ಸೂಜಿ ಮುಟ್ಟಿಸಿ, ಅವನಿಗೆ ಎಲ್ಲಿಯವರೆಗೆ ತಿಳಿಯುತ್ತದೋ ಅಲ್ಲಿ ಊದಾ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು. ಕೈಕಾಲಿನ ನರ ಕಡಿದರೆ ತಿಂಗಳಿಗೊಂದು ಅಂಗುಲದಂತೆ ಚಿಗುರುತ್ತದೆ, ಬೆನ್ನುಹುರಿ ಮಾತ್ರ ಚಿಗುರುವುದಿಲ್ಲ ಎಂದು ಪುಸ್ತಕಗಳು ಹೇಳುತ್ತಿದ್ದವು. ನಜೀರನ ಗೆರೆ ಐದು ವಾರದಲ್ಲಿ ಹೊಕ್ಕುಳಿನಿಂದ ಎಂಟು ಬೆರಳಗಲ ಇಳಿದಿತ್ತು! ಪುಸ್ತಕ ಬರೆದವರನ್ನೆಲ್ಲ ಗೆದ್ದಷ್ಟು ಹಿಗ್ಗಿದ ಬೆಸಗರಹಳ್ಳಿಯ ಈ ಡಾಕ್ಟರು, ಸುಮ್ಮನಿರಲಾರದೆ ಮೈಸೂರಿನ ದೊಡ್ಡ ಡಾಕ್ಟರಿಗೆ ಕಾಗದ ಬರೆದಿದ್ದರು. ಅವರು ಇವತ್ತು ಹತ್ತು ಗಂಟೆಗೆ ಬರುವವರಿದ್ದರು. ಗುಣದ ಸೂಚನೆ ಕಂಡರೆ ನಜೀರನನ್ನು ಮೈಸೂರಿಗೆ ಸೇರಿಸಿಕೊಳ್ಳುವುದು, ಇಲ್ಲದಿದ್ದರೆ ಮನೆಗೆ ಕಳಿಸುವುದು ಎಂದು ತೀರ್ಮಾನವಾಗಿತ್ತು.

ಈಗ ಒಂಬತ್ತೂವರೆ.

ಡಾಕ್ಟರು ಸೂಜಿಯನ್ನು ತೊಡೆಯ ಹತ್ತಿರ ತಂದರು, ತಾಗಿಸಲಿಲ್ಲ. ತಲೆದಿಂಬಿನ ಪಕ್ಕ ಕೂತಿದ್ದ ನಜೀರನ ಹೆಂಡತಿ ಮಹಬೂಬ್ ಬೀಯ ಕೈಯಲ್ಲಿ ತಸ್ಬಿಯ ಜಪಮಣಿಯೊಂದು ಟಿಕ್ಕೆಂದಿತು.

"ಹೂಂ ಸಾ."

ಐದು ವಾರದಿಂದ ಆ ಸದ್ದು ಅವರ ಕಿವಿಗೆ ಬೀಳುತ್ತಲೇ ಇತ್ತು, ಅದು ಸನ್ನೆಯೆಂದು ಹೊಳೆದಿರಲಿಲ್ಲ. ದೇವರ ಹೆಸರು ಎಣಿಸುತ್ತ ಕೂತ ಹೆಣ್ಣುಮಗಳನ್ನು ಹೇಗೆ ಏಳಿಸುವುದೆಂದು ಒಂದು ದಿನವೂ ಆಚೆ ಕಳಿಸಿರಲಿಲ್ಲ. ಎಂಥ ಪೆದ್ದ ನಾನು ಅನ್ನಿಸಿ ಸಿಟ್ಟು ನೆತ್ತಿಗೇರಿತು.

"ಎಷ್ಟು ದಿನದಿಂದ ಸಾಬ್ರೇ, ಈ ಆಟ?"

ಉತ್ತರ ಕೊಟ್ಟವಳು ಮಹಬೂಬ್ ಬೀ.

"ಅವ್ರನ್ನ ಬಯ್ಬ್ಯಾಡಿ ಸಾ, ನಾನೇ ಏಳ್ಕೊಟ್ಟಿದ್ದು. ಪಕ್ಕದ್ ಮಂಚದಲ್ಲಿ ಚಿಕ್ಕಮಾದು ಇದ್ನಲ್ಲ, ಚುಚ್ಚಿದ್ದು ಗೊತ್ತಾಗಕಿಲ್ಲ ಅಂತ ದಿಟಾನೇ ಏಳ್ದ. ಗಾಡಿಗಾಕಿ ಮನೇಗ್ ಕಳಿಸ್ಬುಟ್ರಿ. ಬೆನ್ನೆಲ್ಲಾ ಉಣ್ಣಾಗಿ ಅನ್ನೊಂದೇ ದಿನಕ್ಕೆ ಸತ್ತೋದ."

ಡಾಕ್ಟರು ಸೂಜಿ ಕೆಳಗಿಟ್ಟರು. ಚಿಕ್ಕಮಾದುವನ್ನು ಕಳಿಸುವ ಕಾಗದಕ್ಕೆ ರುಜು ಹಾಕಿದವರು ಅವರೇ.

"ನಿಮ್ಗೂ ಕುಸಿಯಾಗ್ತಿತ್ತು ಸಾ," ಎಂದ ನಜೀರ್, ಮೆಲ್ಲಗೆ. "ಗೆರೆ ಕೆಳೀಕ್ ಬಂದ್ ದಿನ ನಿಮ್ ದನೀನೇ ಬ್ಯಾರೆಯಾಗ್ತಿತ್ತು."

ಅವರಿಗೆ ನಾಚಿಕೆಯಾಯಿತು. ಆಚೆ ನೋಡುತ್ತ ಹೇಳಿದರು, "ಒರೆಸಮ್ಮ, ಎಲ್ಲ ಗೆರೇನೂ ಒರೆಸು. ಮೊದಲಿಂದ ನೋಡ್ಬೇಕು."

ಮಹಬೂಬ್ ಬೀ ತಸ್ಬಿಯನ್ನು ಕಿಟಕಿಯ ಮೇಲಿಟ್ಟಳು. ಬೋಗುಣಿಯ ನೀರಿಗೆ ಬಟ್ಟೆ ಅದ್ದಿ ಕೆಳಗಿನ ಗೆರೆಯಿಂದ ಒರೆಸುತ್ತ ಬಂದಳು. ನೀರು ಸೋಕಿದ್ದೇ ಊದಾ ಬಣ್ಣ ಇನ್ನೂ ಗಾಢವಾಗಿ ಹರಡಿತು. ಅವಳ ಕೈ ಹೊಕ್ಕುಳಿನ ಹತ್ತಿರ ಬಂದಾಗ ನಜೀರ್, "ತಣ್ಗದೆ ಕಣೇ," ಎಂದ.

"ಸುಮ್ಕಿರಿ! ಇನ್ನೂ ಯಾಕೆ ಸುಳ್ಳು?"

"ಸುಳ್ಳಲ್ಲ. ತಣ್ಗದೆ."

ಡಾಕ್ಟರು ಅವಳನ್ನು ಬಾಗಿಲಲ್ಲಿ ಆಚೆ ಮುಖ ಮಾಡಿ ನಿಲ್ಲಿಸಿದರು. ಬಟ್ಟೆಯನ್ನು ತಣ್ಣೀರಿಗೆ ಅದ್ದಿ, ಹನಿ ತೊಟ್ಟಿಕ್ಕದಂತೆ ಹಿಂಡಿ, ಮೈಗೆ ಸೋಕಿಸದೆ ಹಿಡಿದರು. ನಜೀರ್ ಮಾತಾಡಲಿಲ್ಲ. ತೊಡೆಯ ಮೇಲಿಟ್ಟರು, ಮಾತಿಲ್ಲ. ಹೊಕ್ಕುಳಿನಿಂದ ಮೂರು ಬೆರಳು ಕೆಳಗಿಟ್ಟರು, ಆಗಲೂ ಇಲ್ಲ. ಎರಡು ಬೆರಳಿಗೆ ತಂದರು.

"ಈಗ."

ತೆಗೆದು, ಕಾದು, ಮತ್ತೆ ಅಲ್ಲೇ ಇಟ್ಟರು.

"ಈಗ ಸಾ, ಈಗ!"

ಗೇಟಿನ ಹತ್ತಿರ ಕಾರಿನ ಹಾರನ್ ಕೇಳಿಸಿತು. ಮೈಸೂರಿನ ಕಾಗದದಲ್ಲಿ ಡಾಕ್ಟರು ಬರೆದದ್ದು ಎಂಟು ಬೆರಳು. ಆಸ್ಪತ್ರೆಯ ದಾಖಲೆ ಪುಸ್ತಕ ತೆರೆದು ಐದು ವಾರದ ಲೆಕ್ಕಕ್ಕೆ ಅಡ್ಡಗೆರೆ ಹೊಡೆದರು. ಕೆಳಗೆ ಇವತ್ತಿನ ತಾರೀಖು ಹಾಕಿ, 'ಎರಡು' ಎಂದು ಬರೆದರು.

"ಸಾಕಾಯ್ತದಾ ಸಾ, ಅಷ್ಟು?"

"ಗೊತ್ತಿಲ್ಲ ಸಾಬ್ರೇ."

ಬೂಟಿನ ಸದ್ದು ಮೆಟ್ಟಿಲು ಹತ್ತಿ ವರಾಂಡಕ್ಕೆ ಬಂತು. ಮಹಬೂಬ್ ಬೀ ತಿರುಗಿ ನೋಡಲಿಲ್ಲ. ತಸ್ಬಿ ಕಿಟಕಿಯ ಮೇಲೇ ಇತ್ತು. ಬೆನ್ನ ಹಿಂದೆ ಕಟ್ಟಿಕೊಂಡ ಅವಳ ಕೈಯಲ್ಲಿ ಇಲ್ಲದ ಮಣಿಗಳನ್ನು ಹೆಬ್ಬೆರಳು ಒಂದೊಂದಾಗಿ ಸರಿಸುತ್ತಿತ್ತು.